ಗೋಧಿ ಪುಡಿಯ ಕ್ಯಾಪ್ಸೂಲ್ ಮತ್ತು ನನ್ನ ಹದಿನಾಲ್ಕು ತಿಂಗಳು

ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೆ ಬಿಪಿ, ಯಾರಿಗೆ ಮೂಲವ್ಯಾಧಿ, ಯಾರ ಮಂಡಿ ಸವೆದಿದೆ ಅನ್ನುವುದು ಎಲ್ಲರಿಗೂ ಗೊತ್ತು. ಊಟದ ಡಬ್ಬಿ ಬಿಚ್ಚಿಕೊಂಡು ಅದನ್ನೇ ಮಾತಾಡುತ್ತೇವೆ. ಆದರೆ ಹದಿನೆಂಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ‘ಹೆಂಡತಿ ಜೊತೆ ನನಗೆ ಆಗ್ತಾ ಇಲ್ಲ’ ಅನ್ನುವ ಮಾತು ಬಂದದ್ದನ್ನು ನಾನು ಕೇಳಿಲ್ಲ. ನಾನೂ ಹೇಳಲಿಲ್ಲ. ಹೇಳದೆ ಹದಿನಾಲ್ಕು ತಿಂಗಳು ಕಳೆದೆ. ಆ ಹದಿನಾಲ್ಕು ತಿಂಗಳ ಕಥೆ ಇದು.

ದಾವಣಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ತೊಂದರೆ ಶುರುವಾದದ್ದು ನನಗೆ 44 ತುಂಬಿದ ವರ್ಷ. ಒಂದೇ ದಿನ ಆದದ್ದಲ್ಲ. ಮೊದಮೊದಲು ಅರ್ಧಕ್ಕೇ ಮೆತ್ತಗಾಗುತ್ತಿತ್ತು. ಆಮೇಲೆ ಶುರುವಿನಲ್ಲೇ ಗಟ್ಟಿಯಾಗುತ್ತಿರಲಿಲ್ಲ. ಬೆಳಗಿನ ಜಾವ ತಾನಾಗಿಯೇ ನಿಮಿರುತ್ತದಲ್ಲ, ಅದು ನಿಂತು ಎಷ್ಟು ದಿನವಾಯಿತು ಎಂದು ಒಂದು ದಿನ ಹಾಸಿಗೆಯಲ್ಲಿ ಮಲಗಿಯೇ ಲೆಕ್ಕ ಹಾಕಿದೆ. ನೆನಪಿಗೇ ಬರಲಿಲ್ಲ. ಅವತ್ತು ನಿಜವಾಗಿ ಹೆದರಿದೆ.

‘ಬಿಡ್ರಿ, ಪೇಪರ್ ತಿದ್ದಿ ತಿದ್ದಿ ಸುಸ್ತಾಗಿದೆ ನಿಮಗೆ’ ಎಂದು ಹೆಂಡತಿ ಮೂರ್ನಾಲ್ಕು ಸಲ ಹೇಳಿದಳು. ಆಮೇಲೆ ಆ ಮಾತನ್ನೂ ನಿಲ್ಲಿಸಿದಳು. ನಾನು ರಾತ್ರಿ ಹಾಲ್‌ನಲ್ಲಿ ಕೂತು ಮಕ್ಕಳ ನೋಟ್‌ಬುಕ್ ತಿದ್ದುವುದನ್ನು ಶುರುಮಾಡಿದೆ. ಹನ್ನೊಂದೂವರೆಗೆ ಒಳಗೆ ಹೋದರೆ ಅವಳು ಮಲಗಿರುತ್ತಾಳೆ ಅನ್ನುವ ಲೆಕ್ಕ. ಅವಳು ಮಲಗಿರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು.

ಓದಿದ್ದು ಬಿಎಸ್ಸಿ, ಬಿಇಡಿ. ಆದರೆ ಆ ದಿನಗಳಲ್ಲಿ ತಲೆಯಲ್ಲಿ ಓಡುತ್ತಿದ್ದದ್ದು ಪಿಯುಸಿ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಹೇಳಿದ ಮಾತು. ನೂರು ಹನಿ ರಕ್ತ ಸೇರಿ ಒಂದು ಹನಿ ಧಾತು, ಅಂದರೆ ವೀರ್ಯ, ಆಗುತ್ತದೆ, ಹುಡುಗತನದಲ್ಲಿ ಅದನ್ನು ಕಳೆದುಕೊಂಡವನಿಗೆ ನಡುವಯಸ್ಸಿನಲ್ಲಿ ಶಕ್ತಿ ಇರಲ್ಲ ಅಂದಿದ್ದ. ಇದು ಸುಳ್ಳು ಎಂದು ನನಗೆ ಪಾಠದಿಂದ ಗೊತ್ತು. ಆದರೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಅದು ಕೂತೇ ಇತ್ತು. ಧಾತು ಹೋಗುತ್ತದೆ ಅನ್ನುವ ಈ ಭಯಕ್ಕೆ ‘ಧಾತ್ ಸಿಂಡ್ರೋಮ್’ ಎಂದು 1960ರಲ್ಲೇ ಮನೋವೈದ್ಯ ಎನ್. ಎನ್. ವಿಗ್ ಹೆಸರಿಟ್ಟಿದ್ದರು ಎಂದು ಆಮೇಲೆ ಓದಿ ತಿಳಿದೆ. ಒಂದು ಕಾಯಿಲೆಯ ಹೆಸರಾಗುವಷ್ಟು ಜನ ಈ ಭಯ ಹೊತ್ತು ತಿರುಗಿದ್ದಾರೆ ಅಂದರೆ ಯೋಚನೆ ಮಾಡಿ.

ಡಾಕ್ಟರ್ ಹತ್ತಿರ ಹೋಗುವ ಯೋಚನೆಯೇ ಬರಲಿಲ್ಲ. ಮಂಡಿಪೇಟೆಗೆ ಹೋಗಿ ಗ್ರಂಥಿಗೆ ಅಂಗಡಿಯಲ್ಲಿ ಹಿರೇಮದ್ದಿನ ಬೇರು, ನೆಗ್ಗಿಲು ಮುಳ್ಳು, ನಸುಗುನ್ನಿ ಬೀಜ ತಲಾ ನೂರು ಗ್ರಾಂ ಕೇಳಿದೆ. ಹಿರೇಮದ್ದು ಅಂದರೆ ಅಶ್ವಗಂಧ. ಈ ಮೂರನ್ನೂ ಒಟ್ಟಿಗೆ ಕೇಳಿದರೆ ಯಾತಕ್ಕೆ ಅಂತ ಅಂಗಡಿಯವರಿಗೆ ಗೊತ್ತಾಗಿಬಿಡುತ್ತದೆ. ಆ ಯಜಮಾನರು ಏನೂ ಕೇಳಲಿಲ್ಲ. ತೂಗಿ, ಪೇಪರಿನಲ್ಲಿ ಕಟ್ಟಿ, ‘ನಸುಗುನ್ನಿ ಹಂಗೇ ಪುಡಿ ಮಾಡಬೇಡಿ, ಹಾಲಲ್ಲಿ ಬೇಯಿಸಿ ಸಿಪ್ಪೆ ತೆಗೀರಿ’ ಎಂದರು ಅಷ್ಟೇ. ಮನೆಯಲ್ಲಿ ಕೇಳಿದರೆ ಮಂಡಿ ನೋವಿಗೆ ಎಂದೆ.

ಮೊದಲ ಎರಡು ವಾರ ಚೆನ್ನಾಗಿಯೇ ಇತ್ತು. ಒಂದೆರಡು ಸಲ ಪರವಾಗಿಲ್ಲ ಅನ್ನುವಷ್ಟು ಆಯಿತು. ಪುಡಿಯದೇ ಗುಣ ಎಂದು ನಂಬಿದೆ. ಆದರೆ ಅದು ಏಪ್ರಿಲ್ ತಿಂಗಳು, ಸ್ಕೂಲಿಗೆ ರಜೆ. ಮಧ್ಯಾಹ್ನ ನಿದ್ದೆ, ರಾತ್ರಿ ಬೇಗ ಊಟ, ತಲೆಬಿಸಿ ಇಲ್ಲ. ಒಂದು ಗಿಡಕ್ಕೆ ಗೊಬ್ಬರ, ನೀರು, ಬಿಸಿಲು ಮೂರನ್ನೂ ಒಟ್ಟಿಗೆ ಬದಲಾಯಿಸಿ, ಬೆಳೆದದ್ದು ಗೊಬ್ಬರದಿಂದಲೇ ಅಂದರೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನೇ ಮಾರ್ಕ್ಸ್ ಕಟ್ ಮಾಡುತ್ತೇನೆ. ಜೂನ್‌ನಲ್ಲಿ ಸ್ಕೂಲು ಶುರುವಾಯಿತು. ಪುಡಿ ಅದೇ, ಹಾಲು ಅದೇ. ತೊಂದರೆ ಮಾತ್ರ ವಾಪಸ್ ಬಂತು.

ಆಮೇಲಿನ ಒಂಬತ್ತು ತಿಂಗಳನ್ನು ವಿವರವಾಗಿ ಹೇಳುವಂಥದ್ದೇನಿಲ್ಲ. ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ ಕ್ಯಾಪ್ಸೂಲ್ ತರಿಸಿದೆ. ಶಿಲಾಜಿತ್ ತರಿಸಿದೆ. ಫೋನ್ ಮಾಡಿದವರು ‘ಸರ್, ಇದು ಅರ್ಧ ಕೋರ್ಸ್, ಫುಲ್ ಕೋರ್ಸ್ ತಗೊಂಡ್ರೆ ಬೇರಿನಿಂದ ಹೋಗುತ್ತೆ’ ಅಂದರು. ಅದನ್ನೂ ತರಿಸಿದೆ. ಪಾರ್ಸೆಲ್ ಬರುತ್ತಿದ್ದದ್ದು ಸ್ಕೂಲಿನ ವಿಳಾಸಕ್ಕೆ. ಪ್ರತಿ ಸಲವೂ ಕೆಲಸ ಮಾಡದೇ ಹೋದಾಗ ಔಷಧದ ಮೇಲೆ ಅನುಮಾನ ಬರಲಿಲ್ಲ, ನನ್ನ ಮೈಯ ಮೇಲೆ ಬಂತು. ನನ್ನಲ್ಲೇ ಏನೋ ಸತ್ತುಹೋಗಿದೆ ಅನಿಸುತ್ತಿತ್ತು. ಇಂಥ ಜಾಹೀರಾತುಗಳನ್ನು ತಡೆಯಲು 1954ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಯಾವ ಔಷಧಕ್ಕೂ ಜಾಹೀರಾತು ಕೊಡುವ ಹಾಗಿಲ್ಲ. ಆ ಕಾಯ್ದೆಗೆ ಎಪ್ಪತ್ತು ವರ್ಷ ದಾಟಿದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ‘ಗುಪ್ತರೋಗ’ದ ಬರಹ ಹಾಗೇ ಇದೆ.

ಇನ್ನು ಆ ಪುಡಿಯ ವಿಷಯ.

ಹೈವೇ ಪಕ್ಕ ಒಂದು ಗುಡಾರ ಹಾಕಿದ್ದರು. ಮುಂದೆ ಗಾಜಿನ ಬಾಟಲಿಗಳಲ್ಲಿ ಬೇರು, ತೊಗಟೆ, ಒಣಗಿದ ಕಾಯಿಗಳು. ಒಳಗೆ ಒಬ್ಬ ಹಿರಿಯರು. ನಾಡಿ ಹಿಡಿದರು. ನಾಲಿಗೆ ನೋಡಿದರು. ‘ನರ ಒಣಗಿವೆ ಮಗಾ, ಆದ್ರೆ ಸತ್ತಿಲ್ಲ’ ಎಂದರು. ಹದಿನಾಲ್ಕು ತಿಂಗಳಲ್ಲಿ ನನ್ನ ಕಷ್ಟವನ್ನು ನಾನು ಬಾಯಿಬಿಟ್ಟು ಹೇಳಿಕೊಂಡ ಮೊದಲ ಮನುಷ್ಯ ಅವರೇ. ಅದಕ್ಕೇ ಇರಬೇಕು, ಕಣ್ಣಲ್ಲಿ ನೀರು ಬಂತು. ಹನ್ನೆರಡು ಚೀಟಿ ಪುಡಿಗೆ 4,500 ರೂಪಾಯಿ. ಹಾಲಿನ ಜೊತೆ, ಒಂದು ಗಂಟೆ ಮೊದಲು ತಗೋಬೇಕು.

ಕೆಲಸ ಮಾಡಿತು. ಅನುಮಾನವೇ ಬೇಡ, ಪೂರ್ತಿ ಕೆಲಸ ಮಾಡಿತು. ಹೆಂಡತಿ ಕತ್ತಲೆಯಲ್ಲಿ ನನ್ನ ಮುಖ ಮುಟ್ಟಿ ನೋಡಿದಳು, ಕೆನ್ನೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತಂತೆ. ಮೂಗು ಕಟ್ಟಿತ್ತು. ತಲೆ ದಿಮ್ ದಿಮ್ ಎಂದು ಬಡಿಯುತ್ತಿತ್ತು. ನೀರು ಕುಡಿಯಲು ಎದ್ದು ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಿದರೆ ಬೆಳಕಿಗೆ ಒಂಥರಾ ನೀಲಿ ಬಣ್ಣ. ಸ್ಟೀಲ್ ಪಾತ್ರೆಗಳ ಮೇಲೆಲ್ಲ ತೆಳುವಾಗಿ ನೀಲಿ ಹಚ್ಚಿದ ಹಾಗೆ ಕಾಣುತ್ತಿತ್ತು. ಉಷ್ಣ ಆಗಿದೆ ಎಂದುಕೊಂಡೆ. ಮರುದಿನ ಮೆಂತ್ಯ ನೆನೆಸಿ ತಿಂದೆ, ಮಜ್ಜಿಗೆ ಕುಡಿದೆ. ಖುಷಿಯಾಗಿದ್ದೆ. ಬೇರಿನ ಪುಡಿ ಗಡಿಯಾರ ನೋಡಿಕೊಂಡು ಒಂದೇ ಗಂಟೆಗೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿಕೊಳ್ಳುವ ವ್ಯವಧಾನ ಇರಲಿಲ್ಲ.

ಮುಂದಿನ ತಿಂಗಳು ಹರಿಹರದಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ಊಟ ಆದ ಮೇಲೆ ಭಾವ ನನ್ನನ್ನು ಹಿತ್ತಿಲಿಗೆ ಕರೆದರು. ಅವರಿಗೆ 58. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂಗಿ ಜೇಬಿನಲ್ಲಿ ಸದಾ ನಾಲಿಗೆ ಕೆಳಗಿಡುವ ಮಾತ್ರೆ ಇರುತ್ತದೆ. ಅಡಿಕೆ ಕತ್ತರಿಸುತ್ತ ಸುಮ್ನೆ ನಿಂತಿದ್ದರು. ಆಮೇಲೆ ‘ನೀನು ಸೈನ್ಸ್ ಮೇಷ್ಟ್ರು. ವಯಸ್ಸಾದ ಮೇಲೆ ಗಂಡಸಿಗೆ ಅದೆಲ್ಲ ಮುಗೀತು ಅಂತಾನೇನಪ್ಪಾ?’ ಎಂದರು. ಅಷ್ಟು ಕೇಳಲು ಅವರಿಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ಮನೆಗೆ ಬಂದವನೇ ಮರುದಿನ ನಾಲ್ಕು ಚೀಟಿ ಪುಡಿ ಕಳಿಸಿಕೊಟ್ಟೆ. ಉಪಕಾರ ಮಾಡಿದೆ ಅನ್ನುವ ಸಮಾಧಾನ ಬೇರೆ.

ಈ ಒಂದು ವಿಷಯಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಪುಡಿ ಮುಗಿಯುತ್ತ ಬಂದಾಗ ಹೈವೇಗೆ ಹೋದೆ. ಗುಡಾರ ಇರಲಿಲ್ಲ. ಗೂಟ ಹೊಡೆದ ಕುಳಿಗಳಿದ್ದವು. ಆಗ ನೆನಪಾದದ್ದು ನನ್ನ ಹೈಸ್ಕೂಲ್ ಗೆಳೆಯ. ಆಯುರ್ವೇದ ಓದಿ ಪ್ರಾಕ್ಟೀಸ್ ಮಾಡುತ್ತಿದ್ದಾನೆ. ಇದೇ ಥರದ ಪುಡಿ ಮಾಡಿಕೊಡು ಎಂದು ಕೇಳಲು ಹೋದೆ. ಅವನು ಚೀಟಿ ಬಿಚ್ಚಿ, ಬೆರಳಲ್ಲಿ ಹರಡಿ, ಮೂಸಿ, ಹಾಗೇ ಮಡಚಿಟ್ಟ.

‘ಯಾವ ಬೇರೂ ಸ್ವಿಚ್ ಹಾಕಿದ ಹಾಗೆ ಒಂದು ಗಂಟೆಗೆ ಕೆಲಸ ಮಾಡಲ್ಲ ಕಣೋ. ಇದರಲ್ಲಿ ಮಾತ್ರೆ ಪುಡಿ ಮಾಡಿ ಸೇರಿಸಿರಬೇಕು. ಇನ್ನು ಮುಟ್ಟಬೇಡ.’

ಆಮೇಲೆ ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀಯಾ ಎಂದು ಕೇಳಿದ. ಮೂರು ಸಲ ಅಂದೆ. ಬಾಯಿ ಒಣಗುತ್ತಾ? ಹೌದು. ತೂಕ? ಐದು ಕೆಜಿ ಇಳಿದಿತ್ತು, ಬೇಸಿಗೆ ಎಂದುಕೊಂಡಿದ್ದೆ. ಅವನು ಕಪಾಟಿನಿಂದ ಚರಕ ಸಂಹಿತೆ ತೆಗೆದು ನನ್ನ ಮುಂದಿಟ್ಟ. ಚಿಕಿತ್ಸಾ ಸ್ಥಾನದ ಎರಡನೇ ಅಧ್ಯಾಯ ವಾಜೀಕರಣ, ಅಂದರೆ ಲೈಂಗಿಕ ಶಕ್ತಿ ಹೆಚ್ಚಿಸುವ ಚಿಕಿತ್ಸೆ. ಆರನೇ ಅಧ್ಯಾಯ ಪ್ರಮೇಹ, ಅಂದರೆ ಸಕ್ಕರೆ ಕಾಯಿಲೆ ಸೇರಿದ ರೋಗಗಳ ಗುಂಪು. ‘ಎಲ್ಲರೂ ಎರಡನೇ ಅಧ್ಯಾಯ ಕೇಳಿಕೊಂಡು ಬರ್ತಾರೆ. ಆರನೇದು ಕೇಳಿಕೊಂಡು ಯಾರೂ ಬರಲ್ಲ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗಿ ರಕ್ತ ಪರೀಕ್ಷೆ ಮಾಡಿಸು.’ ಅವನು ನನಗೆ ಒಂದು ಲೇಹ್ಯದ ಡಬ್ಬಿಯನ್ನು ಮಾರಬಹುದಿತ್ತು. ಮಾರಲಿಲ್ಲ.

ಖಾಲಿ ಹೊಟ್ಟೆಯ ಶುಗರ್ 192. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.1. ಅದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ. ಲಿವರ್ ಪರೀಕ್ಷೆಯಲ್ಲೂ ಒಂದು ಅಂಕಿ ಸ್ವಲ್ಪ ಜಾಸ್ತಿ.

ದಾವಣಗೆರೆಯಲ್ಲೇ ಒಬ್ಬ ಯೂರಾಲಜಿ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಕೊಟ್ಟದ್ದು ಒಂದು ಹಾಳೆ. ಐದೇ ಪ್ರಶ್ನೆ. ಕಳೆದ ಆರು ತಿಂಗಳಲ್ಲಿ ನಿಮಿರುತ್ತದೆ ಅನ್ನುವ ಭರವಸೆ ನಿಮಗೆ ಎಷ್ಟಿತ್ತು? ಸಂಭೋಗ ಮುಗಿಯುವ ತನಕ ಹಾಗೇ ಉಳಿಸಿಕೊಳ್ಳುವುದು ಎಷ್ಟು ಕಷ್ಟವಾಯಿತು? ಹೀಗೆ. ಒಟ್ಟು 25 ಅಂಕ. 22ಕ್ಕಿಂತ ಕಡಿಮೆಯಾದರೆ ತೊಂದರೆ ಇದೆ ಎಂದು ಅರ್ಥ. ನನಗೆ ಬಂದದ್ದು 9. ಆ ಅಂಕ ನೋಡಿ ಬೇಜಾರಾಗಬೇಕಿತ್ತು. ಆದರೆ ಹಗುರವಾಯಿತು. ಇದಕ್ಕೊಂದು ಹಾಳೆ ಇದೆ, ಅಳತೆ ಇದೆ, ನನ್ನ ಹಾಗೆ ಇದನ್ನು ತುಂಬಿದವರು ಬೇರೆಯವರೂ ಇದ್ದಾರೆ ಅನಿಸಿತು.

ಡಾಕ್ಟರ್ ಪೆನ್ನಿನಲ್ಲಿ ಎರಡು ಕೊಳವೆ ಬರೆದು ತೋರಿಸಿದರು. ನಿಮಿರುವುದು ಅಂದರೆ ಅಲ್ಲಿಗೆ ರಕ್ತ ತುಂಬಿ ನಿಲ್ಲುವುದು. ರಕ್ತನಾಳದ ಒಳಪದರದಿಂದ ಮತ್ತು ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಬೇಕು, ಆಗ ನಾಳ ಸಡಿಲವಾಗಿ ಹಿಗ್ಗುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಒಳಪದರವೂ ಹಾಳು, ನರವೂ ಹಾಳು. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ‘ಮೇಷ್ಟ್ರೇ, ಸಣ್ಣ ಪೈಪು ಮೊದಲು ಕಟ್ಟುತ್ತೆ. ಎಷ್ಟೋ ಜನರಿಗೆ ಇದು ಶುರುವಾಗಿ ಎರಡು ಮೂರು ವರ್ಷಕ್ಕೆ ಎದೆನೋವು ಬರುತ್ತೆ. ನಿಮ್ಮ ದೇಹ ಮೊದಲೇ ಹೇಳಿದೆ.’ ಇಸಿಜಿ, ಕೊಲೆಸ್ಟ್ರಾಲ್ ಎಲ್ಲ ಬರೆದುಕೊಟ್ಟರು.

ಆಮೇಲೆ ಪುಡಿಯ ವಿಷಯ ಹೇಳಿದೆ. ಮುಖ ಸುಟ್ಟದ್ದು, ಮೂಗು ಕಟ್ಟಿದ್ದು, ನೀಲಿ ಬೆಳಕು. ನೀಲಿ ಎಂದ ಕೂಡಲೇ ಅವರು ಪೆನ್ನು ಕೆಳಗಿಟ್ಟರು. ಅದು ಸಿಲ್ಡೆನಾಫಿಲ್, ಅಂದರೆ ವಯಾಗ್ರದಲ್ಲಿರುವ ಔಷಧ, ತಗೊಂಡವರಲ್ಲಿ ಕೆಲವರು ಹೇಳುವ ಲಕ್ಷಣವಂತೆ. ಎಷ್ಟು ಸೇರಿಸಿದ್ದಾರೆ, ಇನ್ನೇನು ಸೇರಿಸಿದ್ದಾರೆ ಎಂದು ಪುಡಿ ನೋಡಿ ಹೇಳಲು ಆಗುವುದಿಲ್ಲ. ‘ಇದನ್ನ ಬೇರೆ ಯಾರಿಗಾದರೂ ಕೊಟ್ಟಿದ್ದೀರಾ?’

ಭಾವನ ವಿಷಯ ಹೇಳಿದೆ. ‘ನಾಲಿಗೆ ಕೆಳಗಿನ ಮಾತ್ರೆ ಇಟ್ಕೊಂಡಿದ್ದಾರಾ? ಈಗಲೇ ಹೊರಗೆ ಹೋಗಿ ಫೋನ್ ಮಾಡಿ.’

ಆ ಮಾತ್ರೆ ನೈಟ್ರೇಟ್. ಅದೂ ನೈಟ್ರಿಕ್ ಆಕ್ಸೈಡ್ ದಾರಿಯಲ್ಲೇ ನಾಳ ಹಿಗ್ಗಿಸುತ್ತದೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಪ್ರಾಣ ಹೋಗಬಹುದು. ಸಿಲ್ಡೆನಾಫಿಲ್ ತಗೊಂಡು 24 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು ಎಂದು ಆಸ್ಪತ್ರೆಯವರೇ ನಿಯಮ ಇಟ್ಟುಕೊಂಡಿದ್ದಾರೆ. ಆದರೆ ‘ಬೇರಿನ ಪುಡಿ’ ತಗೊಂಡವರು ಅದನ್ನು ಯಾರಿಗೆ ಹೇಳುತ್ತಾರೆ?

ಕಾರಿಡಾರಿನಲ್ಲಿ ನಿಂತು ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ‘ಎರಡು ತಗೊಂಡೆ ಕಣಪ್ಪ. ಎರಡನೇ ಸಲ ಸ್ವಲ್ಪ ತಲೆ ಸುತ್ತು ಬಂತು’ ಎಂದರು ಭಾವ. ಆ ಮಾತ್ರೆ ತಗೊಂಡಿದ್ರಾ ಎಂದು ಕೇಳಿದೆ. ‘ಇಲ್ಲ, ಅವತ್ತು ಎದೆನೋವು ಬರಲಿಲ್ಲ’ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತೆ. ಅವತ್ತು ಎದೆನೋವು ಬರಲಿಲ್ಲ. ಅಷ್ಟೇ. ಅಷ್ಟರಿಂದ ನಮ್ಮ ಅಕ್ಕನ ಕುಂಕುಮ ಉಳಿಯಿತು.

ಇದು ನಮ್ಮ ಹೈವೇ ಪಕ್ಕದ ಗುಡಾರದ್ದು ಮಾತ್ರ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಿಂದ 2016ರವರೆಗೆ ಕಲಬೆರಕೆ ಎಂದು ಪಟ್ಟಿ ಮಾಡಿದ 776 ಪೂರಕ ಉತ್ಪನ್ನಗಳಲ್ಲಿ 353 ಲೈಂಗಿಕ ಶಕ್ತಿಯ ಹೆಸರಿನವು. ಅವುಗಳಲ್ಲಿ ಜಾಸ್ತಿ ಸಿಕ್ಕಿದ್ದು ಸಿಲ್ಡೆನಾಫಿಲ್. ನೈಸರ್ಗಿಕ ಎಂದು ಬರೆದ ಡಬ್ಬಿಯೊಳಗೆ ಅದು ಕೂತಿರುತ್ತದೆ. ಜನ ಗಿಡಮೂಲಿಕೆಗೆ ಶರಣು ಎನ್ನುತ್ತಾರೆ, ಕೆಲಸ ಮಾಡಿದ್ದು ಬೇರೆಯದೇ.

ಆ ದಿನದಿಂದ ನನಗೆ ಒಂದೇ ಹಟ. ಹದಿನಾಲ್ಕು ತಿಂಗಳು ನಾನು ತಿಂದದ್ದಕ್ಕೆಲ್ಲ ಪುರಾವೆ ಏನಿದೆ ಎಂದು ನೋಡಬೇಕು. ಡಾಕ್ಟರು ಕೆಲವು ಅಧ್ಯಯನಗಳ ಪ್ರಿಂಟ್ ಕೊಟ್ಟರು, ಆಯುರ್ವೇದದ ಗೆಳೆಯ ಕೆಲವು ಕೊಟ್ಟ. ಇಂಗ್ಲಿಷು ಕಷ್ಟವಾದಲ್ಲಿ ಮಗಳು ಓದಿ ಹೇಳುತ್ತಾಳೆ ಎನ್ನುವ ವಿಷಯವಲ್ಲ ಇದು. ಡಿಕ್ಷನರಿ ಇಟ್ಟುಕೊಂಡು ನಾನೇ ಓದಿದೆ.

ಮೊದಲು ಸಿಕ್ಕಿದ್ದೇ ನನ್ನನ್ನು ತಡೆದು ನಿಲ್ಲಿಸಿತು. ಗುಜರಾತಿನ ಜಾಮ್‌ನಗರದಲ್ಲಿ ಆಯುರ್ವೇದ ವಿಶ್ವವಿದ್ಯಾಲಯವಿದೆ. ಅಲ್ಲಿನವರೇ ಅಶ್ವಗಂಧವನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ದಾರೆ. ಮಾನಸಿಕ ಕಾರಣದಿಂದ ನಿಮಿರುವಿಕೆಯ ತೊಂದರೆ ಇದ್ದ ಗಂಡಸರು. ಒಂದು ಗುಂಪಿಗೆ ಅಶ್ವಗಂಧದ ಬೇರಿನ ಪುಡಿ. ಇನ್ನೊಂದು ಗುಂಪಿಗೆ ಗೋಧಿ ಪುಡಿ ತುಂಬಿದ ಕ್ಯಾಪ್ಸೂಲ್. 60 ದಿನ. ಕೊನೆಯವರೆಗೆ ಉಳಿದವರು 86 ಜನ. ಎರಡೂ ಗುಂಪಿನವರಿಗೆ ಸ್ವಲ್ಪ ಸ್ವಲ್ಪ ಗುಣ ಕಂಡಿತು. ಆದರೆ ಅಶ್ವಗಂಧ ಗೋಧಿಗಿಂತ ಮೇಲಾಗಲಿಲ್ಲ.

ಗೋಧಿ ಪುಡಿಯಿಂದಲೂ ಗುಣ ಕಂಡಿತು ಅನ್ನುವುದನ್ನು ನಾನು ಎರಡು ಸಲ ಓದಿದೆ. ನನ್ನ ಏಪ್ರಿಲ್ ತಿಂಗಳು ಕಣ್ಣ ಮುಂದೆ ಬಂತು. ಔಷಧ ತಗೊಂಡಿದ್ದೇನೆ ಅನ್ನುವ ಧೈರ್ಯವೇ ಈ ತೊಂದರೆಯಲ್ಲಿ ಅರ್ಧ ಕೆಲಸ ಮಾಡಿಬಿಡುತ್ತದೆ. ಅದಕ್ಕೇ ‘ನಾನು ತಿಂದೆ, ನನಗೆ ಆಯ್ತು’ ಎಂದು ಯಾರು ಹೇಳಿದರೂ, ಅವರು ಸುಳ್ಳು ಹೇಳದಿದ್ದರೂ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಗೋಧಿ ತಿಂದ ಒಬ್ಬ ಇರಬೇಕು. ಆ ಪರೀಕ್ಷೆ ಮಾಡಿದ ಜಾಮ್‌ನಗರದವರ ಮೇಲೆ ನನಗೆ ತುಂಬ ಗೌರವ. ತಮ್ಮದೇ ಔಷಧವನ್ನು ಗೋಧಿಯ ಪಕ್ಕ ನಿಲ್ಲಿಸಿ, ಬಂದದ್ದನ್ನು ಬಂದ ಹಾಗೆ ಬರೆದರು.

ಅಶ್ವಗಂಧದ ಬಗ್ಗೆ ಒಳ್ಳೆಯ ಫಲಿತಾಂಶವೂ ಇದೆ. ವೀರ್ಯಾಣು ಕಡಿಮೆ ಇದ್ದ 46 ಗಂಡಸರ ಮೇಲೆ 90 ದಿನ ನಡೆದ ಒಂದು ಪರೀಕ್ಷೆ 2013ರಲ್ಲಿ ಪ್ರಕಟವಾಯಿತು. ಬೇರಿನ ಸಾರ ತಗೊಂಡವರಲ್ಲಿ ವೀರ್ಯಾಣು ಎಣಿಕೆ ಶೇ. 167ರಷ್ಟು ಹೆಚ್ಚಿತು. ಚಿಕ್ಕ ಪರೀಕ್ಷೆ, ಆದರೂ ಕೆಟ್ಟದ್ದೇನಲ್ಲ. ಆದರೆ ವೀರ್ಯಾಣು ಎಣಿಕೆಯೇ ಬೇರೆ, ನಿಮಿರುವುದೇ ಬೇರೆ. ಮಕ್ಕಳಾಗದವರ ಪರೀಕ್ಷೆಯ ಅಂಕಿಯನ್ನು ತಂದು ನನ್ನಂಥವರ ಡಬ್ಬಿಯ ಮೇಲೆ ಅಂಟಿಸುತ್ತಾರೆ. ನಸುಗುನ್ನಿಯದೂ ಇದೇ ಕಥೆ. ಲಖನೌದಲ್ಲಿ ಮಕ್ಕಳಾಗದ 75 ಗಂಡಸರಿಗೆ ದಿನಕ್ಕೆ 5 ಗ್ರಾಂ ಬೀಜದ ಪುಡಿ ಮೂರು ತಿಂಗಳು ಕೊಟ್ಟು ನೋಡಿದರು. ವೀರ್ಯ ಸುಧಾರಿಸಿತು ಎಂದು 2009ರಲ್ಲಿ ಬರೆದರು. ಅಲ್ಲಿ ಗೋಧಿಯ ಗುಂಪು ಇರಲಿಲ್ಲ. ಇನ್ನೊಂದು ಮಾತು. ನಸುಗುನ್ನಿಯಲ್ಲಿ ಎಲ್-ಡೋಪಾ ಇದೆ, ಪಾರ್ಕಿನ್‌ಸನ್ ರೋಗಕ್ಕೆ ಕೊಡುವ ಅದೇ ವಸ್ತು. ಸುಮ್ನೆ ಹಾಲಿಗೆ ಹಾಕಿಕೊಂಡು ಕುಡಿಯುವಂಥ ಬೀಜವಲ್ಲ ಅದು. ನಾನು ಕುಡಿದೆ.

ನೆಗ್ಗಿಲಿನ ವಿಷಯ ಸ್ವಲ್ಪ ಬೇರೆ. ಇಲ್ಲಿ ನಾನು ನಿರೀಕ್ಷೆ ಮಾಡಿದ್ದು ಸುಳ್ಳಾಯಿತು. ಬಲ್ಗೇರಿಯಾದಲ್ಲಿ 180 ಗಂಡಸರ ಮೇಲೆ 12 ವಾರ ನಡೆದ ಪರೀಕ್ಷೆ 2017ರಲ್ಲಿ ಬಂತು. ನೆಗ್ಗಿಲಿನ ಸಾರ ತಗೊಂಡವರ ಅಂಕ ಹುಸಿ ಮಾತ್ರೆಯವರಿಗಿಂತ ಹೆಚ್ಚಿತ್ತು. ಅದಕ್ಕೂ ಮೊದಲು, 2014ರಲ್ಲಿ, ಬ್ರೆಜಿಲ್‌ನವರು 30 ಜನರ ಮೇಲೆ 30 ದಿನ ಮಾಡಿದ ಪರೀಕ್ಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಯಾವುದನ್ನು ನಂಬಬೇಕು? ಬ್ರೆಜಿಲ್‌ನದು ಚಿಕ್ಕದು, ಕಡಿಮೆ ದಿನದ್ದು. ಬಲ್ಗೇರಿಯಾದಲ್ಲಿ ಇದ್ದವರಿಗೆ ತೊಂದರೆ ಸಾಧಾರಣ ಮಟ್ಟದ್ದು, ಕೊಟ್ಟದ್ದು ಪ್ರಮಾಣ ನಿಗದಿ ಮಾಡಿ ಕಾರ್ಖಾನೆಯಲ್ಲಿ ತಯಾರಿಸಿದ ಸಾರ. ಆದ್ದರಿಂದ ನೆಗ್ಗಿಲಿಗೆ ಬಾಗಿಲು ಮುಚ್ಚಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಮಂಡಿಪೇಟೆಯಲ್ಲಿ ತೂಗಿ ತಂದ ಮುಳ್ಳಿನಲ್ಲಿ ಆ ಸಾರ ಎಷ್ಟಿದೆ ಎಂದು ಹೇಳಲು ಅಂಗಡಿಯವರಿಗೂ ಆಗದು, ನನಗೂ ಆಗದು.

ಕೊರಿಯಾದ ಜಿನ್ಸೆಂಗ್ ಬೇರಿನ ಮೇಲೆ ಇನ್ನೂ ಜಾಸ್ತಿ ಪರೀಕ್ಷೆ ನಡೆದಿವೆ. ಒಂಬತ್ತು ಪರೀಕ್ಷೆಗಳನ್ನು, ಒಟ್ಟು 587 ಗಂಡಸರನ್ನು, ಒಟ್ಟಿಗೆ ಇಟ್ಟು 2021ರಲ್ಲಿ ಕಾಕ್ರೇನ್ ಸಂಸ್ಥೆ ತೂಗಿ ನೋಡಿತು. ನಿಮಿರುವಿಕೆಯ ಮೇಲೆ ಪರಿಣಾಮ ಇದ್ದರೂ ತೀರಾ ಅಲ್ಪ ಎಂದಿತು. ಆಫ್ರಿಕಾದ ಯೋಹಿಂಬೆ ಮರದ ತೊಗಟೆಯಿಂದ ಬರುವ ಯೋಹಿಂಬಿನ್ ಮಾತ್ರ ಹುಸಿ ಮಾತ್ರೆಗಿಂತ ಮೇಲು ಎಂದು ಏಳು ಪರೀಕ್ಷೆಗಳನ್ನು ಸೇರಿಸಿ ನೋಡಿದವರು 1998ರಲ್ಲಿ ಹೇಳಿದರು. ಆದರೆ ಅದು ಬಿಪಿ ಏರಿಸುತ್ತದೆ, ಎದೆ ಬಡಿತ ಹೆಚ್ಚಿಸುತ್ತದೆ. ಗಿಡದಿಂದ ಬಂದ ಮಾತ್ರಕ್ಕೆ ಸಾಧು ಅಲ್ಲ. ಅಶ್ವಗಂಧದಿಂದಲೂ ಕೆಲವರಿಗೆ ಲಿವರ್ ತೊಂದರೆಯಾದ ವರದಿಗಳು ಬೇರೆ ಬೇರೆ ದೇಶಗಳಿಂದ ಬಂದಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ನಮ್ಮ ಅಜ್ಜಿ ಬಾಣಂತಿಯರಿಗೆ ಕೊಡುತ್ತಿದ್ದ ಬೇರನ್ನು ನಿಷೇಧಿಸುವುದು ನನಗೆ ಅತಿ ಅನಿಸುತ್ತದೆ. ಆದರೂ ನನ್ನ ಲಿವರ್ ಅಂಕಿ ಪುಡಿಗಳನ್ನೆಲ್ಲ ಬಿಟ್ಟ ಮೂರು ತಿಂಗಳಿಗೆ ಸರಿಹೋಯಿತು. ಪುಡಿ ಬಿಟ್ಟಿದ್ದರಿಂದಲೋ, ತೂಕ ಮತ್ತು ಸಕ್ಕರೆ ಹತೋಟಿಗೆ ಬಂದದ್ದರಿಂದಲೋ ಹೇಳಲಾಗದು ಎಂದರು ಡಾಕ್ಟರ್. ಮತ್ತೆ ಅದೇ ಗೊಬ್ಬರ, ನೀರು, ಬಿಸಿಲು.

ಹೋಲಿಕೆಗೆ ಸಿಲ್ಡೆನಾಫಿಲ್‌ನ 1998ರ ಪರೀಕ್ಷೆಯನ್ನೂ ಓದಿದೆ. ಔಷಧ ತಗೊಂಡವರ ಪ್ರಯತ್ನಗಳಲ್ಲಿ ನೂರಕ್ಕೆ 69 ಸಫಲ. ಹುಸಿ ಮಾತ್ರೆಯವರಲ್ಲಿ ನೂರಕ್ಕೆ 22. ಅಲ್ಲೂ ಸುಳ್ಳು ಮಾತ್ರೆಗೆ 22 ಇದೆ ನೋಡಿ. ಆದರೆ ನಡುವಿನ ಅಂತರ ಕಣ್ಣಿಗೆ ರಾಚುತ್ತದೆ.

ನನಗೆ ಕೊಟ್ಟ ಚಿಕಿತ್ಸೆಯಲ್ಲಿ ವಿಶೇಷ ಏನಿಲ್ಲ. ಮೆಟ್‌ಫಾರ್ಮಿನ್ ಮತ್ತು ಇನ್ನೊಂದು ಶುಗರ್ ಮಾತ್ರೆ. ಮುದ್ದೆ ಎರಡರಿಂದ ಒಂದಕ್ಕೆ, ಪಲ್ಯ ಜಾಸ್ತಿ. ಇಸಿಜಿ ಸರಿ ಇದ್ದದ್ದರಿಂದ, ನೈಟ್ರೇಟ್ ಏನೂ ಇಲ್ಲದ್ದರಿಂದ, ಅಳೆದ ಪ್ರಮಾಣದ ಸಿಲ್ಡೆನಾಫಿಲ್ ಬರೆದುಕೊಟ್ಟರು, ಬೇಕಾದ ದಿನ ಮಾತ್ರ. ಮತ್ತೆ ನಡಿಗೆ, ದಿನಕ್ಕೆ 40 ನಿಮಿಷ, ವಾರಕ್ಕೆ ನಾಲ್ಕು ದಿನಕ್ಕೆ ಕಡಿಮೆ ಇಲ್ಲ. ಇಟಲಿಯಲ್ಲಿ ಬೊಜ್ಜು ಇದ್ದ 110 ಗಂಡಸರನ್ನು ಎರಡು ವರ್ಷ ನೋಡಿದ್ದರಂತೆ. ಆಹಾರ, ವ್ಯಾಯಾಮವನ್ನು ಹಿಂದೆ ಬಿದ್ದು ತಿದ್ದಿದ 55 ಜನರಲ್ಲಿ 17 ಜನರಿಗೆ ತೊಂದರೆ ವಾಸಿಯಾಯಿತು. ಬರೀ ಸಲಹೆ ಕೊಟ್ಟು ಬಿಟ್ಟ 55ರಲ್ಲಿ 3 ಜನರಿಗೆ. ಅವರಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ, ನನಗಿದೆ. ಆದರೂ ನಡೆದೆ.

ಅದಕ್ಕೂ ಮೊದಲು ಹೆಂಡತಿಗೆ ಎಲ್ಲ ಹೇಳಿದೆ. ಮಂಡಿ ನೋವಿನ ಸುಳ್ಳಿನಿಂದ ಹಿಡಿದು ಇದಕ್ಕೆಲ್ಲ ಸುರಿದ 38,000 ರೂಪಾಯಿಯ ತನಕ. ಅವಳು ದುಡ್ಡಿನ ಮಾತೇ ಎತ್ತಲಿಲ್ಲ. ‘ನಾನು ಬೇಡವಾದೆ ಅಂದ್ಕೊಂಡಿದ್ದೆ ರೀ’ ಎಂದಳು. ಹದಿನಾಲ್ಕು ತಿಂಗಳು ಅವಳು ಹಾಗೆಂದುಕೊಂಡೇ ಗೋಡೆ ಕಡೆ ತಿರುಗಿ ಮಲಗಿದ್ದಳು. ನಾನು ಹಾಲ್‌ನಲ್ಲಿ ನೋಟ್‌ಬುಕ್ ತಿದ್ದುತ್ತಿದ್ದೆ.

ಈಗ ಬೆಳಿಗ್ಗೆ ಇಬ್ಬರೂ ಭದ್ರಾ ನಾಲೆಯ ಏರಿಯ ಮೇಲೆ ನಡೆಯುತ್ತೇವೆ. ಆರು ತಿಂಗಳಿಗೆ ಎಚ್‌ಬಿಎ1ಸಿ 6.9ಕ್ಕೆ ಬಂತು. ಐದು ಪ್ರಶ್ನೆಯ ಹಾಳೆಯಲ್ಲಿ 9 ಇದ್ದದ್ದು 18 ಆಯಿತು. ಪೂರ್ತಿ ಸರಿ ಅಲ್ಲ. ಕೆಲವು ದಿನ ಮಾತ್ರೆ ಬೇಕು, ಕೆಲವು ದಿನ ಬೇಡ, ಕೆಲವು ದಿನ ಮಾತ್ರೆ ಇದ್ದರೂ ಆಗುವುದಿಲ್ಲ. ಆಗದ ದಿನ ಲೈಟ್ ಆರಿಸಿ ಮಾತಾಡುತ್ತ ಮಲಗುತ್ತೇವೆ.

ಭಾವ ಹೋದ ಭಾನುವಾರ ಬಂದಿದ್ದರು. ಉಳಿದ ಎರಡು ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿ ತಂದಿದ್ದರು. ನಾಲೆಗೆ ಎಸೆಯಲು ಹೊರಟರು, ಬೇಡ ಎಂದು ನಾನು ಇಸಿದುಕೊಂಡೆ, ಡಾಕ್ಟರಿಗೆ ಕೊಡಬೇಕು. ಹೆಂಡತಿ ಮುಂದೆ ಮುಂದೆ ನಡೆಯುತ್ತಿದ್ದಳು. ಭಾವ ನಿಂತರು. ಸ್ವಲ್ಪ ಹೊತ್ತು ನೀರು ನೋಡಿದರು.

‘ಆ ಐದು ಪ್ರಶ್ನೆ ಹಾಳೆ ಅಂದ್ಯಲ್ಲ,’ ಎಂದರು, ‘ಅದು ಕನ್ನಡದಲ್ಲಿ ಇರುತ್ತೇನು?’

ಸಂಜೆ ಕೂತು ಐದೂ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದೆ. ಸೋಮವಾರ ಅವರ ಹೃದಯದ ಡಾಕ್ಟರ್ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ.